ಹನ್ನೊಂದನೇ ಮನೆಯಲ್ಲಿ ನಿಂತ ಗುಚ್ಛ

ಆರೋಗ್ಯಧಾಮ, ಎರಡನೇ ವಾರ್ಡು
ಸೆಪ್ಟೆಂಬರ್ ೩

ಸೊಸೆಗೆ ಆಶೀರ್ವಾದಗಳು.

ಬಂದು ತಲುಪಿದೆ. ಇಲ್ಲಿಯ ಗಾಳಿ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಗಾಳಿಯನ್ನು ಎಷ್ಟು ಹೊತ್ತೂಂತ ಹೊಗಳುವುದು? ದಿನಕ್ಕೆ ಎರಡು ಸಲ ಎದೆ ತಟ್ಟಿ ನೋಡುತ್ತಾರೆ, ಮಿಕ್ಕ ಹೊತ್ತೆಲ್ಲ ಮಲಗು ಎನ್ನುತ್ತಾರೆ. ಐವತ್ತು ವರ್ಷ ಕೋಳಿಗಿಂತ ಮುಂಚೆ ಎದ್ದು ಹೂವಿನ ಬಕೆಟ್ಟುಗಳಿಗೆ ನೀರು ತುಂಬಿದವನಿಗೆ ಮಲಗು ಅಂದರೆ ಹೇಗೆ ಮಲಗುವುದು.

ವಿಷಯಕ್ಕೆ ಬರುತ್ತೇನೆ. ಹೊರಡುವ ದಿನ ನಿನ್ನ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದ್ದೇನೆ. ನವೆಂಬರ್ ಒಂದನೇ ತಾರೀಖು ಪಕ್ಕದ ಸೈಕಲ್ ರಿಪೇರಿಯವನು ನಡುಗೋಡೆ ಒಡೆದು ನಮ್ಮ ಜಾಗವನ್ನು ತನ್ನದಕ್ಕೆ ಸೇರಿಸಿಕೊಳ್ಳುತ್ತಾನೆ. ಮಾತು ಕೊಟ್ಟಾಗಿದೆ.

ನನ್ನ ಮಗ ತೀರಿಹೋಗಿ ಎರಡು ವರ್ಷವಾಯಿತು. ಅವನಿದ್ದಿದ್ದರೆ ಮಾತು ಬೇರೆ. ಈ ಯುದ್ಧ ಶುರುವಾದಾಗಿನಿಂದ ಬ್ರೆಡ್ಡಿಗೆ ಸಾಲು ನಿಲ್ಲುವ ಜನ ಆ ಸಾಲಿನಲ್ಲೇ ನಿಂತು ನಮ್ಮ ಗಾಜಿನೊಳಗಿನ ಗುಲಾಬಿ ನೋಡುತ್ತಾರೆ. ಆ ಕಣ್ಣುಗಳನ್ನು ಎದುರಿಸಲು ನನ್ನಿಂದ ಆಗುತ್ತಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ಬದುಕಿಡೀ ಗಿರಾಕಿಗಳ ಬಾಯಲ್ಲಿ ಕೇಳಿ ನಕ್ಕಿದ್ದೇನೆ. ಈಗ ನಗು ಬರುವುದಿಲ್ಲ. ಇಂಥ ಕಾಲದಲ್ಲಿ ಹೂ ಮಾರುವುದು ನಾಚಿಕೆಗೇಡು.

ನೀನು ನಿನ್ನ ತಂಗಿಯ ಮನೆಗೆ ಹೋಗು. ಬಕೆಟ್ಟುಗಳನ್ನು ಉಜ್ಜಿ ಬೋರಲು ಹಾಕು. ಉದ್ದ ಕತ್ತರಿಯನ್ನು ಮಾತ್ರ ಯಾರಿಗೂ ಕೊಡಬೇಡ.

ಇಂತಿ,
ಮಾವ


ಅಂಗಡಿ
ಸೆಪ್ಟೆಂಬರ್ ೧೨

ಮಾವನವರಿಗೆ ನಮಸ್ಕಾರಗಳು.

ಪತ್ರ ತಲುಪಿತು. ಪತ್ರಕ್ಕಿಂತ ಮುಂಚೆ ಸೈಕಲ್‌ನವನು ತಲುಪಿದ. ಟೇಪು ಹಿಡಿದುಕೊಂಡು ಬಂದು ನಮ್ಮ ಗೋಡೆಯನ್ನು ಮೂರು ಸಲ ಅಳೆದ. "ಅಕ್ಕಾ, ನೀವೇನೂ ಅಂದ್ಕೋಬೇಡಿ, ಸುಮ್ನೆ ನೋಡ್ತಾ ಇದೀನಿ ಅಷ್ಟೆ" ಎಂದ. ಸುಮ್ಮನೆ ನೋಡುವವನು ಗೋಡೆಗೆ ಕಿವಿಯಿಟ್ಟು ಬೆರಳಲ್ಲಿ ಬಡಿಯುತ್ತಾನೆಯೇ?

ಮಾವ, ನೀವು ನನ್ನನ್ನು ಒಂದು ಮಾತು ಕೇಳಬಹುದಿತ್ತು. ತಂಗಿಯ ಮನೆಯಲ್ಲಿ ನಾನು ಏನಾಗುತ್ತೇನೆ? ಎರಡು ದಿನ ಅಕ್ಕ, ಮೂರನೇ ದಿನದಿಂದ ಪಾತ್ರೆ ತೊಳೆಯುವವಳು. ಈ ಅಂಗಡಿಯಲ್ಲಿ ನಿಂತರೆ ನಾನು ಹೂವಿನವಳು. ಇದನ್ನು ಬಿಟ್ಟರೆ ನನಗೆ ಈ ಊರಿನಲ್ಲಿ ನಿಲ್ಲಲು ಜಾಗವಿಲ್ಲ. ನವೆಂಬರ್ ಒಂದರವರೆಗೆ ಸಮಯವಿದೆಯಲ್ಲ, ಅಲ್ಲಿಯವರೆಗೆ ನನ್ನನ್ನು ತಡೆಯಬೇಡಿ. ಅಂಗಡಿ ಊರಿಗೆ ಬೇಕು ಎಂದು ತೋರಿಸಿದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ?

ಒಂದು ಉಪಾಯ ಮಾಡಿದ್ದೇನೆ. ನಮ್ಮ ಓಣಿಯಲ್ಲಿ ಹನ್ನೆರಡು ಮನೆ. ಒಬ್ಬೊಬ್ಬರೇ ಹೂ ಕೊಳ್ಳುವ ಸ್ಥಿತಿ ಯಾರಿಗೂ ಇಲ್ಲ. ಹನ್ನೆರಡು ಮನೆಯವರೂ ಸೇರಿ ಒಂದೇ ಗುಚ್ಛ ತೆಗೆದುಕೊಳ್ಳುವುದು. ಒಂದು ಮನೆಯಲ್ಲಿ ಒಂದು ದಿನ. ಮರುದಿನ ಆ ಮನೆಯವರೇ ಬಾಡಿದ್ದನ್ನು ಕಿತ್ತು, ನೀರು ಬದಲಾಯಿಸಿ, ಮುಂದಿನ ಮನೆಗೆ ಒಯ್ದು ಕೈಯಾರೆ ಕೊಡಬೇಕು. ಮಾತು ಬಿಟ್ಟವರೂ ಕೊಡಬೇಕು. ಐದನೇ ಮನೆಯವರೂ ಆರನೇ ಮನೆಯವರೂ ನಾಲ್ಕು ವರ್ಷದಿಂದ ಮುಖ ನೋಡಿಲ್ಲ, ನಿಮಗೆ ಗೊತ್ತಲ್ಲ. ಅವರಿಬ್ಬರೇ ಮೊದಲು ಒಪ್ಪಿದ್ದು! ನಾಡಿದ್ದು ಮೊದಲನೇ ಮನೆಗೆ ಹೋಗುತ್ತದೆ. ಹನ್ನೆರಡನೆಯದು ಸೈಕಲ್‌ನವನದು. "ನನಗ್ಯಾಕಕ್ಕ ಹೂವು" ಎಂದ, ಆದರೆ ತನ್ನ ಸರದಿ ಯಾವ ತಾರೀಖು ಎಂದು ಎರಡು ಸಲ ಕೇಳಿದ.

ಹೂವಿನ ಲಾರಿ ವಾರಕ್ಕೊಮ್ಮೆ ಬರುತ್ತಿದೆ, ಚಿಂತೆಯಿಲ್ಲ. ಔಷಧಿ ತಪ್ಪಿಸಬೇಡಿ.

ಸೊಸೆ


ಆರೋಗ್ಯಧಾಮ
ಸೆಪ್ಟೆಂಬರ್ ೧೯

ಸೊಸೆಗೆ ಆಶೀರ್ವಾದಗಳು.

ನಿನ್ನ ಉಪಾಯ ಓದಿ ಪಕ್ಕದ ಹಾಸಿಗೆಯ ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅವರು ಪಾಠ ಹೇಳಿದವರು, ಹೂ ಮಾರಿದವರಲ್ಲ. ಒಂದು ಹೊಸಿಲು ದಾಟಿದ ಹೂ ಇನ್ನೊಂದು ಹೊಸಿಲಿಗೆ ಹೋಗಬಾರದು. ಇದು ನಮ್ಮಪ್ಪನ ಮಾತು. ಹನ್ನೆರಡು ಮನೆ ಸುತ್ತಿದ್ದನ್ನು ಹೂ ಅನ್ನುವುದಿಲ್ಲ, ಎಂಜಲು ಅನ್ನುತ್ತಾರೆ. ಅಂಗಡಿ ಮುಚ್ಚುವುದೇ ಆದರೆ ಮರ್ಯಾದೆಯಾಗಿ ಮುಚ್ಚೋಣ, ಭಿಕ್ಷೆಯ ಬಟ್ಟಲು ತಿರುಗಿಸಿದ ಹಾಗೆ ಬೇಡ.

ಗುಚ್ಛದಲ್ಲಿ ಏನೇನು ಹಾಕಿದ್ದೀಯ? ನನಗೇನು ಆಗಬೇಕಾಗಿಲ್ಲ, ಸುಮ್ಮನೆ ಕೇಳಿದೆ. ಗುಲಾಬಿ ಹಾಕಿದ್ದರೆ ಅದು ನಾಲ್ಕನೇ ಮನೆ ದಾಟುವುದಿಲ್ಲ.

ಇಲ್ಲಿ ಮುಖ್ಯ ವೈದ್ಯರ ಮನೆ ಮುಂದೆ ಒಂದು ಹೂದೋಟವಿದೆ. ಮಾಲಿಗೆ ಗಿಡ ಸವರುವುದು ಗೊತ್ತಿಲ್ಲ, ಕುರಿ ಮೇಯ್ದ ಹಾಗೆ ಸವರುತ್ತಾನೆ. ನೋಡಿದರೆ ಎದೆ ಉರಿಯುತ್ತದೆ. ವೈದ್ಯರಿಗೆ ಎದೆ ಉರಿ ಎಂದು ಹೇಳಿದೆ, ಗುಳಿಗೆ ಕೊಟ್ಟರು.

ಮಾವ


ಅಂಗಡಿ
ಸೆಪ್ಟೆಂಬರ್ ೨೬

ಮಾವನವರಿಗೆ ನಮಸ್ಕಾರಗಳು.

ಇಲ್ಲಿ ಎಲ್ಲ ಕ್ಷೇಮ. ಗುಚ್ಛ ಹನ್ನೊಂದನೇ ಮನೆ ತಲುಪಿದೆ. ಕೆಂಪು ಗುಲಾಬಿ ನಾಲ್ಕು, ಹಳದಿ ಜರ್ಬೆರಾ ಆರು, ಬಿಳಿ ಸೇವಂತಿಗೆ ಒಂಬತ್ತು ಹಾಕಿದ್ದೆ. ನೀವು ಹೇಳಿದ್ದು ನಿಜ, ಗುಲಾಬಿ ನಾಲ್ಕನೇ ಮನೆ ದಾಟಲಿಲ್ಲ.

ಕೆಲಸ ಬಹಳ ಇರುವುದರಿಂದ ಹೆಚ್ಚು ಬರೆಯಲಾಗುತ್ತಿಲ್ಲ. ಒಂದು ಸಂದೇಹ. ಬಿಳಿ ಸೇವಂತಿಗೆಯನ್ನು ಅತಿ ಹೆಚ್ಚು ಎಂದರೆ ಎಷ್ಟು ದಿನ ಉಳಿಸಬಹುದು? ಸುಮ್ಮನೆ ತಿಳಿದಿರಲಿ ಎಂದು ಕೇಳಿದೆ.

ಸೊಸೆ


ಆರೋಗ್ಯಧಾಮ
ಅಕ್ಟೋಬರ್ ೨

ಏನಮ್ಮ,

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ಸೈಕಲ್‌ನವನ ಕಾಗದ ಬಂದಿದೆ. ನಾಲ್ಕು ಪುಟ. ಜೀವಮಾನದಲ್ಲಿ ಅಷ್ಟು ಬರೆದವನಲ್ಲ.

ಹನ್ನೊಂದನೇ ಮನೆಯ ಇಸ್ತ್ರಿಯಮ್ಮನ ಹತ್ತಿರ ಬರೀ ಬಿಳಿ ಹೂ ಹಿಡಿದುಕೊಂಡು ಹೋದೆಯಂತೆ. ಒಬ್ಬನೇ ಮಗ ಯುದ್ಧಕ್ಕೆ ಹೋಗಿ ಮೂರು ತಿಂಗಳಿಂದ ಒಂದು ಸುದ್ದಿಯಿಲ್ಲದೆ ಆ ತಾಯಿ ಬಾಗಿಲು ನೋಡುತ್ತಾ ಕುಳಿತಿದ್ದಾಳೆ. ಅಂಥ ಬಾಗಿಲಿಗೆ, ಕಪ್ಪು ಏಪ್ರನ್ ತೊಟ್ಟು, ಕೈಯಲ್ಲಿ ಬಿಳಿ ಗುಚ್ಛ! ನಮ್ಮ ಊರಲ್ಲಿ ಬರೀ ಬಿಳಿಯನ್ನು ಸಾವಿನ ಮನೆಗೆ ಮಾತ್ರ ಒಯ್ಯುತ್ತಾರೆ ಎಂದು ಚಿಕ್ಕ ಮಗುವಿಗೂ ಗೊತ್ತು. ಅವಳು ನಿನ್ನನ್ನು ನೋಡಿದ್ದೇ ಕಾದ ಇಸ್ತ್ರಿ ಪೆಟ್ಟಿಗೆಯನ್ನು ಕಾಲ ಮೇಲೆ ಬೀಳಿಸಿಕೊಂಡು ಕಿರುಚಿದಳಂತೆ, ಇಡೀ ಓಣಿ ಸಾವಿನ ಸುದ್ದಿ ಬಂತೆಂದು ಓಡಿ ಬಂತಂತೆ.

ಗುಲಾಬಿ ನಾಲ್ಕು ದಿನ, ಜರ್ಬೆರಾ ಏಳು ದಿನ. ಹನ್ನೊಂದನೇ ದಿನ ಉಳಿಯುವುದು ಸೇವಂತಿಗೆ ಮಾತ್ರ ಎಂದು ಲೆಕ್ಕ ಹಾಕಲು ಹೂವಿನವಳೇ ಬೇಕಿತ್ತು. ಹೂವಿನವಳಿಗೇ ಹೊಳೆಯಲಿಲ್ಲ. ನಾನು ಹೊಸಿಲಿನ ಮಾತು ಹೇಳಿದಾಗ ಮುದುಕ ಏನೋ ಗೊಣಗುತ್ತಾನೆ ಎಂದುಕೊಂಡೆ.

ಸಾಕು. ನವೆಂಬರ್ ಒಂದರವರೆಗೂ ಕಾಯಬೇಡ. ಈಗಲೇ ಬಾಗಿಲು ಹಾಕು.


ಆರೋಗ್ಯಧಾಮ
ಅಕ್ಟೋಬರ್ ೯

ಸೊಸೆಗೆ,

ಪತ್ರವಿಲ್ಲ. ದಿನಾ ಟಪಾಲಿನವನು ಬರುವ ಹೊತ್ತಿಗೆ ಕಾರಿಡಾರಿನಲ್ಲಿ ನಿಲ್ಲುತ್ತೇನೆ, ನರ್ಸು ಅಟ್ಟಿಸಿಕೊಂಡು ಬಂದು ಮಲಗಿಸುತ್ತಾಳೆ. ಬೈದದ್ದು ಹೆಚ್ಚಾಯಿತೇನೋ. ನನ್ನ ನಾಲಿಗೆ ನಿನಗೆ ಹೊಸದೇ?

ನಿಜವಾಗಿಯೂ ಬಾಗಿಲು ಹಾಕಿಬಿಟ್ಟೆಯಾ? ಇಸ್ತ್ರಿಯಮ್ಮನ ಕಾಲು ಹೇಗಿದೆ? ಒಂದು ಸಾಲು ಬರೆ. ಬೈದೇ ಬರೆ, ಪರವಾಗಿಲ್ಲ.

ಮಾವ


ಅಂಗಡಿ
ಅಕ್ಟೋಬರ್ ೧೦

ಮಾವನವರಿಗೆ ನಮಸ್ಕಾರಗಳು.

ಬಾಗಿಲು ಹಾಕಿಲ್ಲ, ಹಾಕುವ ಹಾಗೂ ಇಲ್ಲ. ಯಾಕೆ ಎಂದು ಹೇಳುತ್ತೇನೆ. ಇಷ್ಟು ದಿನ ಮುಚ್ಚಿಟ್ಟದ್ದು ತಪ್ಪು.

ಆ ದಿನ ಹತ್ತನೇ ಮನೆಯ ಗಡಿಯಾರದವರಿಗೆ ಮಂಡಿ ನೋವಿತ್ತು. ನಾನೇ ಒಯ್ಯುತ್ತೇನೆ ಎಂದು ಎತ್ತಿಕೊಂಡೆ. ನನ್ನ ತಲೆಯಲ್ಲಿ ಅದು ಹತ್ತೊಂಬತ್ತು ಹೂವಿನ ಬಣ್ಣದ ಗುಚ್ಛವೇ ಆಗಿತ್ತು ಮಾವ. ಕೈಯಲ್ಲಿರುವುದನ್ನು ನೋಡಲೇ ಇಲ್ಲ. ಇಸ್ತ್ರಿಯಮ್ಮನ ಮುಖ ನೋಡಿದ ಮೇಲೆ ನನ್ನ ಕೈ ನೋಡಿಕೊಂಡೆ.

ಸುದ್ದಿ ಏನೂ ಬಂದಿಲ್ಲ, ಇದು ಸರದಿಯ ಹೂ ಎಂದು ಹೇಳಿ ಅರ್ಥ ಮಾಡಿಸುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಯಿತು. ಕಾಲಿನ ಸುಟ್ಟ ಗಾಯ ಈಗ ಒಣಗಿದೆ. ಗುಚ್ಛವನ್ನು ವಾಪಸು ಕೊಡಿ ಅಮ್ಮ, ಎಸೆದುಬಿಡುತ್ತೇನೆ ಎಂದೆ. ಎರಡೂ ಕೈಯಲ್ಲಿ ಅವುಚಿಕೊಂಡರು. "ಎಸೆದ್ರೆ ಅವನನ್ನೇ ಎಸೆದ ಹಾಗೆ. ಸರದಿ ಮುಗಿಸಿ ಬೇರೆ ಮನೆಗೆ ಕೊಟ್ರೆ ಸಾವಿನ ಹೂವು ನನ್ನ ಮನೇದೇ ಅಂತ ಒಪ್ಕೊಂಡ ಹಾಗೆ. ಇಲ್ಲೇ ಇರ್ಲಿ. ಇದು ಬಾಡದೆ ನಿಂತ್ರೆ ಅವನೂ ನಿಂತಿರ್ತಾನೆ" ಎಂದರು. ಹೂದಾನಿಯನ್ನು ಕಿಟಕಿಯ ಹತ್ತಿರ ಇಟ್ಟಿದ್ದಾರೆ, ಒಂದು ಕಣ್ಣು ಇಸ್ತ್ರಿಯ ಮೇಲೆ, ಒಂದು ಕಣ್ಣು ಅದರ ಮೇಲೆ.

ಹೂವು ಬಾಡದೆ ಹೇಗೆ ನಿಲ್ಲುತ್ತದೆ ಮಾವ? ಮೂರನೇ ದಿನಕ್ಕೇ ಒಂದು ದಂಟು ತಲೆ ಬಗ್ಗಿಸಿತು. ನನ್ನ ಏಪ್ರನ್ ಹಿಡಿದುಕೊಂಡು ಇಸ್ತ್ರಿಗೆ ಹೋದೆ. ಅವರು ಪೆಟ್ಟಿಗೆಗೆ ಕೆಂಡ ತುಂಬಲು ಬೆನ್ನು ತಿರುಗಿಸಿದಾಗ ಬಟ್ಟೆಯ ಮಡಿಕೆಯಲ್ಲಿದ್ದ ಹೊಸ ದಂಟನ್ನು ಸಿಕ್ಕಿಸಿ ಹಳೆಯದನ್ನು ತೋಳೊಳಗೆ ತುರುಕಿಕೊಂಡೆ. ಆಮೇಲಿಂದ ಇದೇ ಕೆಲಸ. ದಿನ ಬಿಟ್ಟು ದಿನ ಇಸ್ತ್ರಿಗೆ ಹೋಗುತ್ತೇನೆ. ನನ್ನ ಬಟ್ಟೆಗಳು ಹುಟ್ಟಿದಾಗಿನಿಂದ ಇಷ್ಟು ಇಸ್ತ್ರಿ ಕಂಡಿರಲಿಲ್ಲ. ಮೊನ್ನೆ ಕೊಡಲು ಏನೂ ಉಳಿಯದೆ ಕಿಟಕಿಯ ಪರದೆ ಬಿಚ್ಚಿಕೊಂಡು ಹೋದೆ.

ಇನ್ನೊಂದು ಮುಚ್ಚಿಟ್ಟ ಮಾತು. ಲಾರಿ ನಿಂತು ಹನ್ನೊಂದು ದಿನವಾಯಿತು. ಲಾರಿಗಳನ್ನೆಲ್ಲ ಯುದ್ಧದ ಸಾಮಾನಿಗೆ ತೆಗೆದುಕೊಂಡರಂತೆ. ನೆಲಮಾಳಿಗೆಯಲ್ಲಿ ಬಿಳಿ ಸೇವಂತಿಗೆ ಹನ್ನೆರಡು ಉಳಿದಿವೆ. ಓಣಿಯವರು ನನ್ನ ಅಂಗಡಿ ಕಡೆ ತಿರುಗಿಯೂ ನೋಡುವುದಿಲ್ಲ. ಅದು ನನಗೆ ತಕ್ಕದ್ದೇ. ಆದರೆ ಹನ್ನೆರಡು ಮುಗಿದ ಮೇಲೆ ಆ ತಾಯಿಗೆ ಏನು ಹೇಳಲಿ? ಅತ್ತ ದರಿ, ಇತ್ತ ಪುಲಿ. ಬಯ್ಯುವುದನ್ನು ಆಮೇಲೆ ಬಯ್ಯಿರಿ, ಮೊದಲು ಇವನ್ನು ಉಳಿಸುವ ದಾರಿ ಹೇಳಿ.

ಸೊಸೆ


ಆರೋಗ್ಯಧಾಮ
ಅಕ್ಟೋಬರ್ ೧೪

ಸರಿಯಾಗಿ ಓದಿಕೋ, ಎರಡು ಸಲ ಬರೆಯುವುದಿಲ್ಲ.

ಸೇವಂತಿಗೆಯ ದಂಟನ್ನು ಕತ್ತರಿಯಿಂದ ಕತ್ತರಿಸಬೇಡ, ನೀರೊಳಗೆ ಮುಳುಗಿಸಿ ಕೈಯಿಂದ ಮುರಿ. ಮುರಿದ ತುದಿಯನ್ನು ಕುದಿಯುವ ನೀರಿನಲ್ಲಿ ಹತ್ತು ಎಣಿಸುವಷ್ಟು ಹಿಡಿದು, ಕೂಡಲೇ ಕತ್ತಿನವರೆಗೆ ತಣ್ಣೀರಿಗೆ ಇಳಿಸು. ಹೂವಿಗೆ ಹಬೆ ತಾಗದಂತೆ ಕಾಗದ ಸುತ್ತು. ಕೆಳಗಿನ ಎಲೆ ಒಂದೂ ನೀರಿಗೆ ತಾಗಬಾರದು. ನೆಲಮಾಳಿಗೆಯಲ್ಲಿ ಹಣ್ಣು ಇಟ್ಟಿದ್ದೀಯಾ? ಇಟ್ಟಿದ್ದರೆ ಈ ಕ್ಷಣ ಹೊರಗೆ ಹಾಕು, ಹಣ್ಣಿನ ಪಕ್ಕ ಹೂ ಬೇಗ ಮುದಿಯಾಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹೂದಾನಿ ಇಸ್ತ್ರಿಯ ಕೆಂಡಕ್ಕೆ ಎಷ್ಟು ದೂರ? ಹೊಗೆಯೂ ಬಿಸಿಯೂ ತಾಗುತ್ತಿದ್ದರೆ ಬ್ರಹ್ಮ ಬಂದರೂ ಉಳಿಸಲಾರ. ಏನಾದರೂ ನೆಪ ಹೇಳಿ ಆಚೆ ಗೋಡೆಗೆ ಇಡಿಸು.

ಇದರ ಜೊತೆ ರೈಲಿನಲ್ಲಿ ಬಿಸ್ಕತ್ತಿನ ಡಬ್ಬವೊಂದು ಬರುತ್ತದೆ. ಒದ್ದೆ ಪೇಪರಿನಲ್ಲಿ ಸುತ್ತಿದ ಹದಿನಾಲ್ಕು ದಂಟು. ಮೊಗ್ಗು ಅರ್ಧ ಬಿರಿದಿರುವಾಗ ತೆಗೆದದ್ದು, ದಾರಿಯಲ್ಲಿ ಬಿರಿಯುತ್ತವೆ. ಎಲ್ಲಿಂದ ಎಂದು ಕೇಳಬೇಡ. ಮುಖ್ಯ ವೈದ್ಯರ ತೋಟದಲ್ಲಿ ಎಷ್ಟಿದ್ದವು ಎಂದು ಅವರಿಗೇ ಗೊತ್ತಿಲ್ಲ. ಸ್ಟೇಷನ್ನಿನಿಂದ ತರಲು ಸೈಕಲ್‌ನವನಿಗೆ ಹೇಳು. ನಾಲ್ಕು ಪುಟ ಚಾಡಿ ಬರೆಯಲು ಪುರುಸೊತ್ತಿದ್ದವನಿಗೆ ಇದಕ್ಕೂ ಇರುತ್ತದೆ.

ನಾನು ಹುಷಾರಾಗಿದ್ದೇನೆ.

ಮಾವ


ಅಂಗಡಿ
ಅಕ್ಟೋಬರ್ ೨೧

ಮಾವ,

ಡಬ್ಬ ಬಂತು! ಹದಿನಾಲ್ಕರಲ್ಲಿ ಹದಿಮೂರು ನೆಟ್ಟಗೆ ನಿಂತಿವೆ. ಸೈಕಲ್‌ನವನು ಡಬ್ಬವನ್ನು ಸೀಟಿನ ಹಿಂದೆ ಕಟ್ಟದೆ ಎದೆಗೆ ಅವುಚಿಕೊಂಡು ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ತುಳಿದುಕೊಂಡು ಬಂದ. "ಕಾಗದ ಬರೆದಿದ್ದು ತಪ್ಪಾಯ್ತಕ್ಕ" ಎಂದ. ಗೋಡೆ ಬೇಡವೇನೋ ಎಂದರೆ, "ಗೋಡೆ ಬೇರೆ, ಇದು ಬೇರೆ" ಎಂದ.

ಹೂದಾನಿ ಆಚೆ ಗೋಡೆಗೆ ಹೋಯಿತು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ನಾನೊಂದು ಎಡವಟ್ಟು ಮಾಡಿದೆ. ಅವಸರದಲ್ಲಿ ಪೂರ್ತಿ ಅರಳಿದ್ದನ್ನು ತೆಗೆದು ಅರ್ಧ ಬಿರಿದದ್ದನ್ನು ಸಿಕ್ಕಿಸಿ ಬಂದೆ. ಸಂಜೆ ಇಸ್ತ್ರಿಯಮ್ಮ ಸುಟ್ಟ ಕಾಲಿನಲ್ಲೇ ಓಣಿಯ ತುಂಬ ಓಡಾಡಿದರು. "ನೋಡ್ರೇ, ಅರಳಿದ ಹೂವು ಮತ್ತೆ ಮೊಗ್ಗಾಗ್ತಿದೆ! ಅವನು ಹೊರಟಿದಾನೆ, ದಾರೀಲಿದಾನೆ!" ಮಗನ ಅಂಗಿಗಳನ್ನೆಲ್ಲ ತೆಗೆದು ಇಸ್ತ್ರಿ ಮಾಡಿ ಜೋಡಿಸಿದ್ದಾರೆ. ಓಣಿಯವರೂ ಒಬ್ಬೊಬ್ಬರಾಗಿ ಹೋಗಿ ಹೂ ನೋಡಿ ಬರುತ್ತಿದ್ದಾರೆ.

ನನಗೆ ಹೆದರಿಕೆಯಾಗುತ್ತಿದೆ. ಬಾಡದಂತೆ ನೋಡಿಕೊಳ್ಳುವುದು ಒಂದು, ಆಸೆ ಹುಟ್ಟಿಸುವುದು ಇನ್ನೊಂದು. ನಿಜ ಹೇಳಿಬಿಡಲೇ? ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ಹೇಳಿದರೆ ಅವರೇನಾಗುತ್ತಾರೋ, ಹೇಳದಿದ್ದರೆ ನಾನೇನಾಗುತ್ತೇನೋ. ನೀವೇ ತೀರ್ಮಾನ ಮಾಡಿ.

ಸೊಸೆ


ಆರೋಗ್ಯಧಾಮ
ಅಕ್ಟೋಬರ್ ೨೭

ಹೂವಿನ ಯಜಮಾನರ ಸೊಸೆಯವರಿಗೆ,

ಇದನ್ನು ಬರೆಯುತ್ತಿರುವುದು ಪಕ್ಕದ ಹಾಸಿಗೆಯ ಮೇಷ್ಟ್ರು. ಯಜಮಾನರ ಕೈಗೆ ಶಾಯಿ ಹತ್ತಿದೆ, ಅದಕ್ಕೇ ಅವರು ಬರೆಯುತ್ತಿಲ್ಲ ಎಂದು ಬರೆಯಲು ಹೇಳಿದ್ದಾರೆ. ಅವರು ಹೇಳುವುದನ್ನು ಹೇಳಿದ ಹಾಗೆ ಬರೆಯುತ್ತೇನೆ.

"ನಿಜ ಹೇಳ್ಬೇಡ. ಆ ತಾಯಿ ತಡ್ಕೊಳಲ್ಲ. ಇಲ್ಲ, ತಡಿ, ಹೇಳ್ಬಿಡು. ಸುಳ್ಳಿನ ಮೇಲೆ ಎಷ್ಟು ದಿನ ನೀರು ಹುಯ್ಯೋದು? ಮೇಷ್ಟ್ರೇ, ಅದನ್ನ ಹೊಡೆದುಹಾಕಿ. ಹೇಳ್ಬೇಡ ಅಂತಲೇ ಬರೀರಿ. ಎರಡನೇ ಡಬ್ಬ ಕಳಿಸಿದೀನಿ. ಅದ್ರಲ್ಲಿರೋದೆಲ್ಲ ಪೂರ್ತಿ ಅರಳಿದ್ದು, ಈ ಸಲ ಎಡವಟ್ಟು ಮಾಡ್ಬೇಡ. ನಂಗೆ ಗೊತ್ತಾಗ್ತಿಲ್ಲಮ್ಮ. ಐವತ್ತು ವರ್ಷ ಹೂವು ಮಾರಿದೀನಿ, ಈ ಪ್ರಶ್ನೆ ಯಾರೂ ಕೇಳಿರ್ಲಿಲ್ಲ."

ಯಜಮಾನರು ಈಗ ಕಣ್ಣು ಮುಚ್ಚಿದ್ದಾರೆ, ಆದ್ದರಿಂದ ಒಂದು ಮಾತು ನನ್ನದು. ಅವರಿಗೆ ನಾಲ್ಕು ದಿನದಿಂದ ಜ್ವರ. ಬೆಳಗಿನ ಮಂಜಿನಲ್ಲಿ ವೈದ್ಯರ ತೋಟದಲ್ಲಿ ಮಂಡಿಯೂರಿ ಕುಳಿತಿದ್ದಾಗ ಮಾಲಿಯ ಕೈಗೆ ಸಿಕ್ಕಿಬಿದ್ದರು. ಬೈಯಲು ಬಂದ ಮಾಲಿಗೇ ಗಿಡ ಸವರುವುದು ಹೇಗೆಂದು ಅರ್ಧ ಗಂಟೆ ಪಾಠ ಮಾಡಿದರಂತೆ. ಇದನ್ನು ನಿಮಗೆ ತಿಳಿಸಕೂಡದೆಂದು ಕಟ್ಟಪ್ಪಣೆ ಇದೆ.

ಮೇಷ್ಟ್ರು


ಅಂಗಡಿ
ನವೆಂಬರ್ ೩

ಮಾವ,

ಇಸ್ತ್ರಿಯಮ್ಮನ ಮಗ ಇಲ್ಲ. ನಿನ್ನೆ ಬೆಳಿಗ್ಗೆ ಸರ್ಕಾರದ ಕಾಗದ ಬಂತು. ಸೆಪ್ಟೆಂಬರ್ ಐದರಂದೇ ಹೋಗಿದ್ದಾನೆ. ನಾನು ಬಿಳಿ ಹೂ ಹಿಡಿದು ಅವರ ಬಾಗಿಲಲ್ಲಿ ನಿಂತಾಗ ಅವನು ಹೋಗಿ ಹತ್ತೊಂಬತ್ತು ದಿನವಾಗಿತ್ತು.

ಮಧ್ಯಾಹ್ನ ಅವರು ಅಂಗಡಿಗೆ ಬಂದರು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಹೂದಾನಿ. ಸೈಕಲ್‌ನವನು ಆಗ ಒಳಗೇ ಇದ್ದ. ಒಂದನೇ ತಾರೀಖು ಸೀಮೆಸುಣ್ಣದಿಂದ ಗೋಡೆಗೆ ಗೆರೆ ಎಳೆದು ಹೋಗಿದ್ದವನು ಒಡೆಯಲು ಸುತ್ತಿಗೆ ತಂದಿದ್ದ.

"ನಿನ್ನ ಹೂವು ಸುಳ್ಳು ಹೇಳಿರ್ಲಿಲ್ಲ ಕಣೆ" ಎಂದರು. "ನಾನೇ ಅದನ್ನ ಸುಳ್ಳು ಮಾಡ್ಕೊಂಡು ಕೂತಿದ್ದೆ. ನೋಡು, ಇವತ್ತಿಗೂ ಹೇಗೆ ನಿಂತಿದೆ."

ಇನ್ನು ತಡೆಯಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಏಪ್ರನ್ ಮಡಿಕೆ, ಪರದೆ, ಮೊಗ್ಗು, ಡಬ್ಬ, ಎಲ್ಲ. ಅವರು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತರು. ಎಷ್ಟು ಸಲ ಎಂದು ಕೇಳಿದರು. ಹದಿನೆಂಟು ಎಂದೆ.

"ಹದಿನೆಂಟು ಸಲ ನನ್ನ ಬೆನ್ನ ಹಿಂದೆ ಬಂದು ನಿಂತಿದೀಯ. ಒಂದೇ ಒಂದ್ಸಲ ಮುಂದೆ ಬಂದು ಪಕ್ಕದಲ್ಲಿ ಕೂತ್ಕೋಬೇಕು ಅನ್ನಿಸ್ಲಿಲ್ವಾ ನಿಂಗೆ?"

ಹೆದರಿಕೆಯಾಯಿತು ಎಂದೆ. ನಮ್ಮವರು ಹೋದ ದಿನ ಇನ್ನೊಂದೇ ದಿನ ಸುದ್ದಿ ತಿಳಿಯದೆ ಇದ್ದಿದ್ದರೆ ಎಂದು ನನಗೆ ಅನ್ನಿಸಿತ್ತು, ಅದಕ್ಕೇ ಹೀಗೆ ಮಾಡಿದೆ ಎಂದೆ. ಅವರು ಹೂದಾನಿಯನ್ನು ಪಕ್ಕಕ್ಕಿಟ್ಟು ಕೇಳಿದರು.

"ಆವತ್ತು ನಿಂಗೆ ಹೂವು ಯಾರು ತಂದ್ಕೊಟ್ರು?"

"ಯಾರೂ ಇಲ್ಲ ಅಮ್ಮ. ಹೂವಿನ ಅಂಗಡಿಯವ್ರಿಗೆ ಹೂವು ಯಾರು ತರ್ತಾರೆ" ಎಂದೆ. ನಗಲು ನೋಡಿದೆ, ಆಗಲಿಲ್ಲ. ಇಬ್ಬರೂ ಅತ್ತೆವು.

ಆಮೇಲೆ ಅವರು ಎದ್ದು ಮುಖ ಒರೆಸಿಕೊಂಡು ಸೈಕಲ್‌ನವನ ಮುಂದೆ ಹೂದಾನಿ ಹಿಡಿದರು. "ಹನ್ನೆರಡನೇ ಮನೆ ನಿಂದೇ ಅಲ್ವೇನಪ್ಪ. ನನ್ನ ಹತ್ರ ಜಾಸ್ತಿ ದಿನ ಇಟ್ಕೊಂಡ್ಬಿಟ್ಟೆ. ತಡವಾಯ್ತು, ತಗೋ." ಹೂದಾನಿಗೆ ಎರಡು ಕೈ ಬೇಕು. ಅವನು ಸುತ್ತಿಗೆಯನ್ನು ನೆಲದ ಮೇಲಿಟ್ಟು ತೆಗೆದುಕೊಂಡ. ಹೂ ಹಿಡಿದುಕೊಂಡು ಮನೆಗೆ ಹೋದ.

ಸುತ್ತಿಗೆ ಇನ್ನೂ ಇಲ್ಲೇ ಬಿದ್ದಿದೆ. ಇಂದು ಬೆಳಿಗ್ಗೆ ಅವನು ಗುಚ್ಛವನ್ನು ಮತ್ತೆ ಮೊದಲನೇ ಮನೆಗೆ ಕೊಟ್ಟನಂತೆ. ಅವರು ಕುಂಡದಲ್ಲಿದ್ದ ಒಂದೇ ಒಂದು ಕೆಂಪು ಹೂ ಕಿತ್ತು ಅದಕ್ಕೆ ಸೇರಿಸಿದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಬಿಳಿ ಹೂ ಇನ್ನು ಕಳಿಸಬೇಡಿ. ನಿಮ್ಮ ಜ್ವರದ ವಿಷಯ ನನಗೆ ಗೊತ್ತು, ಮೇಷ್ಟ್ರನ್ನು ಬೈಯಬೇಡಿ. ಅಂಗಡಿ ಏನಾಗಬೇಕೋ ನೀವು ಹೇಳಿದಂತೆ. ನನಗೆ ಈಗ ಕೇಳಿಕೊಳ್ಳುವ ಶಕ್ತಿಯಿಲ್ಲ.

ಸೊಸೆ


ಆರೋಗ್ಯಧಾಮ
ನವೆಂಬರ್ ೪

ಸೊಸೆಗೆ ಆಶೀರ್ವಾದಗಳು.

ನೋಡು, ನನ್ನದೇ ಕೈಬರಹ! ಜ್ವರ ಬಿಟ್ಟಿತು. ಜ್ವರ ಬಂದಿತ್ತು ಎಂದು ಹೇಳಿರಲಿಲ್ಲ ಅಲ್ಲವೇ, ಹೋಗಲಿ ಬಿಡು.

ಸಂತೋಷದ ಸಮಾಚಾರ. ಮಾಲಿ ಈಗ ನನ್ನ ಶಿಷ್ಯ. ತಡವಾಗಿ ಹೂ ಬಿಡುವ ಬಿಳಿ ಸೇವಂತಿಗೆಯನ್ನು ಹತ್ತು ಕುಂಡಗಳಲ್ಲಿ ಎಬ್ಬಿಸಿ ಜಗುಲಿಯ ಬಿಸಿಲಿಗೆ ಇಟ್ಟಿದ್ದೇವೆ. ಜನವರಿಯವರೆಗೂ ಮೊಗ್ಗು ಬರುತ್ತದೆ. ಇಸ್ತ್ರಿಯಮ್ಮನ ಮಗ ಬಂದು ಬಾಗಿಲು ತಟ್ಟುವವರೆಗೆ ಬಿಳಿ ಹೂವಿಗೆ ಕೊರತೆಯಿಲ್ಲ, ಧೈರ್ಯವಾಗಿರು. ಮೂರನೇ ಡಬ್ಬ ಇದರ ಜೊತೆಗೇ ಇದೆ.

ಒಂದನೇ ತಾರೀಖು ಸುತ್ತಿಗೆಯ ಸದ್ದಾಯಿತೇ? ಬೇಡ ಎಂದು ಅವನಿಗೆ ಬರೆಯಲು ಮೂರು ಸಲ ಕುಳಿತೆ. ಕೊಟ್ಟ ಮಾತು ತಿರುಗಿಸಿದ ಅಭ್ಯಾಸವಿಲ್ಲ, ಪೆನ್ನು ಏಳಲಿಲ್ಲ.

ಮಾವ


ಆರೋಗ್ಯಧಾಮ
ನವೆಂಬರ್ ೧೨

ಮಗಳೇ,

ನಿನ್ನ ಪತ್ರವೂ ನನ್ನ ಡಬ್ಬವೂ ದಾರಿಯಲ್ಲಿ ಒಂದನ್ನೊಂದು ದಾಟಿದವು. ಆ ಪತ್ರದಲ್ಲಿ ನಾನು ಏನು ಬರೆದಿದ್ದೆ ಎಂದು ನೆನೆದರೆ ನಾಚಿಕೆಯಾಗುತ್ತದೆ. 'ಮಗ ಬಂದು ಬಾಗಿಲು ತಟ್ಟುವವರೆಗೆ.' ಅದನ್ನು ಒಲೆಗೆ ಹಾಕು, ಆ ತಾಯಿಯ ಕಣ್ಣಿಗೆ ಬೀಳುವುದು ಬೇಡ.

ಸೈಕಲ್‌ನವನಿಗೆ ಬರೆದಿದ್ದೇನೆ. ಕೊಟ್ಟ ಮಾತು ವಾಪಸು ತೆಗೆದುಕೊಂಡೆ. ಬೈದುಕೊಳ್ಳಲಿ. ಅಂಗಡಿ ನಿನ್ನದು. ನಾನು ಬಂದರೂ ನಿನ್ನದೇ, ಬಾರದಿದ್ದರೂ ನಿನ್ನದೇ. ಎದೆಯ ವಿಷಯ ವೈದ್ಯರು ಏನೂ ಖಚಿತವಾಗಿ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಇಸ್ತ್ರಿಯಮ್ಮ ನಿನ್ನನ್ನು ಕೇಳಿದ ಪ್ರಶ್ನೆ ನಾಲ್ಕು ದಿನದಿಂದ ನನ್ನನ್ನು ಮಲಗಗೊಟ್ಟಿಲ್ಲ. ಆವತ್ತು ಅಂಗಡಿಯಲ್ಲಿ ಹದಿನೇಳು ಬಕೆಟ್ ಹೂವಿತ್ತು. ಅಷ್ಟೂ ಹೂವನ್ನು ನನ್ನ ಮಗನ ಮೇಲೆ ಹಾಕಿದೆ. ಹಾಕುವಾಗ ನೀನು ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದೆ, ಎರಡು ಕೈಯೂ ಖಾಲಿ. ನಾನು ಕಂಡೆ. ಕಂಡೂ ಒಂದು ದಂಟು ತೆಗೆದು ನಿನ್ನ ಕೈಗೆ ಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಕೊಟ್ಟು ಗೊತ್ತಿದ್ದರಲ್ಲವೇ? ಹೂ ಎಂದರೆ ಯಾರೋ ಇನ್ನಾರಿಗೋ ಕೊಡುವುದು, ನಾನು ಕಟ್ಟಿ ಕೊಡುವವನು ಅಷ್ಟೇ. ಮದುವೆಯಾಗಿ ಮೂವತ್ತೊಂದು ವರ್ಷ ಬಾಳಿದ ನಿನ್ನ ಅತ್ತೆಗೂ ನಾನು ಒಂದು ಹೂ ಕೊಟ್ಟವನಲ್ಲ. ಕ್ಷಮಿಸು ಎಂದು ಅವಳನ್ನು ಕೇಳಲು ಈಗ ಆಗುವುದಿಲ್ಲ, ನಿನ್ನನ್ನು ಕೇಳುತ್ತೇನೆ.

ಈ ಡಬ್ಬದಲ್ಲಿ ಬಿಳಿ ಒಂದೂ ಇಲ್ಲ. ಕೆಂಪಿದೆ, ಹಳದಿಯಿದೆ, ಹೆಸರು ಗೊತ್ತಿಲ್ಲದ ನೀಲಿಯೊಂದಿದೆ. ಮುಖ್ಯ ವೈದ್ಯರ ಮನೆಗೆ ಹೋಗಿ ಬಾಗಿಲು ತಟ್ಟಿ ಕೇಳಿ ತಂದದ್ದು. ದಾರ ಸಿಗಲಿಲ್ಲ, ನರ್ಸು ಗಾಯದ ಬಟ್ಟೆ ಕೊಟ್ಟಳು. ಗಂಟು ಸಡಿಲವಾಗಿದೆ, ನನ್ನ ಕೈ ಮುಂಚಿನ ಹಾಗಿಲ್ಲ.

ಇದು ನಿನಗೆ. ನಿನ್ನ ಬುದ್ಧಿ ನನಗೆ ಗೊತ್ತು, ಅಂಗಡಿಯಲ್ಲಿ ಹೂವಿಲ್ಲ ಎಂದು ಬಕೆಟ್ಟಿಗೆ ಹಾಕಿ ಬಾಗಿಲ ಮುಂದೆ ಇಟ್ಟುಬಿಡುತ್ತೀಯ. ಮಾರಬೇಡ.

ಮಾವ